ಹಿತ್ತಲ ಒಂದು ಮೂಲೆ ಜೇನಿಗಿರಲಿ

“ಏನ್ರೀ, ಹಿತ್ತಲನ್ನ ಹೀಗೆ ಕಾಡು ಮಾಡಿಟ್ಟಿದೀರಿ?” ಎಂದು ನೆರೆಮನೆಯವರು ಮೂಗು ಮುರಿದರೆ ನೀವು ನಾಚಬೇಕಿಲ್ಲ. ಒಂದು ಹುಲ್ಲೂ ಇಲ್ಲದಂತೆ ಕೆತ್ತಿದ ಹಿತ್ತಲಲ್ಲಿ ಕುಂಬಳದ ಹೀಚು ಹಳದಿಯಾಗಿ ಉದುರುವುದನ್ನು ಕಂಡಿದ್ದೀರಲ್ಲ? ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಬೆಳಗಿನ ಜಾವ ಅರಳಿದ್ದು ಮಧ್ಯಾಹ್ನದೊಳಗೆ ಮುದುಡುತ್ತದೆ. ಅಷ್ಟರಲ್ಲಿ ಜೇನುನೊಣ ಬಂದು ಪರಾಗ ಮುಟ್ಟಿಸದಿದ್ದರೆ ಕಾಯಿ ಕಚ್ಚದು.

ಕುಂಬಳದ ಹೂ ಕೆಲವೇ ವಾರ. ಉಳಿದ ದಿನ ಜೇನಿನ ಹೊಟ್ಟೆಪಾಡು? ನಾವು ಕಳೆಯೆಂದು ಕೀಳುವ ತುಂಬೆ, ನಾಚಿಕೆಮುಳ್ಳು, ಕದಿರು ಬಿಟ್ಟ ತುಳಸಿ, ಬಲಿತು ಹೂವಾದ ಕೊತ್ತಂಬರಿ, ಸಬ್ಬಸಿಗೆ ಇವೇ ಆಸರೆ. ತುಡುವೆ, ಕೋಲುಜೇನು, ಚುಚ್ಚಲು ಮುಳ್ಳಿಲ್ಲದ ಪುಟ್ಟ ಮಿಸರಿ ಎಲ್ಲವೂ ಹುಡುಕಿಕೊಂಡು ಬರುತ್ತವೆ. ಒಂಟಿಯಾಗಿ ಬಾಳುವ ಜೇನುಗಳೂ ಉಂಟು. ಅವುಗಳಲ್ಲಿ ಕೆಲವು ಅಗೆಯದ ನೆಲದಲ್ಲಿ ಬಿಲ ತೋಡುತ್ತವೆ; ದೊಡ್ಡ ಕಪ್ಪು ದುಂಬಿ ಒಣಮರ, ಬಿದಿರು ಕೊರೆದು ಮೊಟ್ಟೆಯಿಡುತ್ತದೆ.

ಹಾಗೆಂದು ಹಿತ್ತಲನ್ನೆಲ್ಲ ಪಾಳು ಬಿಡಬೇಡಿ. ಗೋಡೆ, ಬಚ್ಚಲು, ಬಾವಿಯ ಸುತ್ತ ಚೊಕ್ಕಟವಿರಲಿ, ಹುಳಹುಪ್ಪಟೆಯ ಭಯವಿರುತ್ತದೆ. ಪಾರ್ಥೇನಿಯಂ ಕಂಡರೆ ಹೂ ಬಿಡುವ ಮೊದಲೇ ಕಿತ್ತುಹಾಕಿ. ಬೇಲಿ ಬದಿಯ ಒಂದು ಮೂಲೆಗೆ ಮಾತ್ರ ಕುಡುಗೋಲು ತಾಗದಿರಲಿ. ಅಗಲ ತಟ್ಟೆಯಲ್ಲಿ ಕಲ್ಲುಗಳನ್ನು ಹಾಕಿ ನೀರಿಡಿ. ಸೊಳ್ಳೆಯಾಗದಂತೆ ದಿನಾ ಬದಲಿಸಿ. ಹೂವಿನ ಮೇಲೆ ಕೀಟದ ಔಷಧಿ ಬೇಡವೇ ಬೇಡ.

ಈ ಸಲ ಕಳೆ ಕೀಳಲು ಕೂತಾಗ ನಾಲ್ಕು ತುಂಬೆ ಗಿಡ ಬಿಟ್ಟು ನೋಡಿ. ಹುಳಿಗೆ ಬೇಕಾದ ಕುಂಬಳಕಾಯಿ ನಿಮ್ಮ ಹಿತ್ತಲಲ್ಲೇ ಸಿಕ್ಕೀತು!