ಪರದೆಯ ಮೇಲೆ 37 ಚೀಲ

ಅಫಜಲಪುರದ ಒಂದು ಹಿಂಡಿ ಅಂಗಡಿ. ಹತ್ತಿಕಾಳು ಹಿಂಡಿಯ ಚೀಲ ಎಣಿಸಿದೆ, 29 ಇದ್ದವು. ಮತ್ತೊಮ್ಮೆ ಎಣಿಸಿದೆ, ಈ ಸಲ ಹಮಾಲನೂ ಜೊತೆಗಿದ್ದ. 29. ಸಾವುಕಾರರು ಗಲ್ಲಾ ಬಿಟ್ಟು ಏಳಲಿಲ್ಲ. ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿ ಹೇಳಿದರು:

"37 ತೋರಸ್ಲತ್ತದ ನೋಡ್ರಿ ಸರ. ಇನ್ನೊಮ್ಮಿ ಎಣಸ್ರಿ."

ಪರದೆ ತಪ್ಪಲಾರದು, ತಪ್ಪಿದ್ದು ನನ್ನ ಕಣ್ಣು ಎಂದು ಇದರ ತಾತ್ಪರ್ಯ. ಅಂಗಡಿ ಲೆಕ್ಕ ಬರೆಯುತ್ತ ಆಳಂದ, ಅಫಜಲಪುರ, ಜೇವರ್ಗಿ ಸುತ್ತುವ ನನಗೆ ಈ ಮಾತು ಹೊಸದಲ್ಲ. ಊರು ಬದಲಾಗುತ್ತದೆ, ಮಾಲು ಬದಲಾಗುತ್ತದೆ, ಮಾತು ಮಾತ್ರ ಅದೇ: ಕಂಪ್ಯೂಟರ್‌ನ್ಯಾಗ ಅದ ಅಂದ್ಮ್ಯಾಲ ಮಾಲ್ ಇರ್ಲೇಬೇಕು.

ಇರಬೇಕಾಗಿಲ್ಲ. ಸಾಫ್ಟ್‌ವೇರ್ ದಾಸ್ತಾನನ್ನು ಎಣಿಸುವುದಿಲ್ಲ, ಯಾವತ್ತೂ ಎಣಿಸಿಲ್ಲ. ಅದು ನಿಮ್ಮ ಗೋದಾಮನ್ನು ಕಂಡೇ ಇಲ್ಲ. ಅದಕ್ಕೆ ಬರುವುದು ಕೂಡುವುದು ಮತ್ತು ಕಳೆಯುವುದು: ಆರಂಭದ ಶಿಲ್ಕಿಗೆ ಖರೀದಿ ಕೂಡಿಸು, ಮಾರಾಟ ಕಳೆ, ಉಳಿದದ್ದು ತೋರಿಸು. ಪರದೆಯ 37ನ್ನು ಓದಬೇಕಾದ್ದು ಹೀಗೆ: "ನೀವು ನನಗೆ ಹೇಳಿದ್ದೆಲ್ಲ ಖರೆ ಇದ್ದು, ಹೇಳದೆ ಬಿಟ್ಟದ್ದು ಏನೂ ಇಲ್ಲದಿದ್ದರೆ 37 ಇರಬೇಕು." ಈ "ಇದ್ದರೆ"ಯನ್ನು ಪರದೆ ತೋರಿಸುವುದಿಲ್ಲ, ಅಷ್ಟೇ. ಮೊದಲು ಕೆಂಪು ರಟ್ಟಿನ ಖಾತೆ ಪುಸ್ತಕದಲ್ಲಿ ಮುನೀಮ ಮಾಡುತ್ತಿದ್ದ ಕೆಲಸವೂ ಇದೇ. ಆದರೆ ಮುನೀಮನ ಮೇಲೆ ಸಾವುಕಾರರಿಗೆ ಗುಮಾನಿ ಇರುತ್ತಿತ್ತು. ಅದೊಂದು ದೊಡ್ಡ ಅನುಕೂಲವಾಗಿತ್ತು.

ಹೇಳದೆ ಬಿಡುವುದು ಎಷ್ಟಿರುತ್ತದೆ ಎಂದು ಗಲ್ಲಾದ ಮೇಲೆ ಕೂತವರಿಗೆ ಅಂದಾಜೇ ಇಲ್ಲ. ಕರೆಂಟ್ ಹೋದಾಗ ಚೀಟಿಯ ಮೇಲೆ ಬರೆದ ಬಿಲ್. ಕ್ಯಾಲೆಂಡರಿನ ಹಿಂದೆ ಗೀಚಿದ ಉದ್ರಿ. ಗಿರಾಕಿ ವಾಪಸ್ ತಂದದ್ದು. ಮನೆಗೆ ಒಯ್ದದ್ದು. ಅಳಿಯನ ಅಂಗಡಿಗೆ "ಸಂಜಿಗಿ ಕೊಡ್ತೀನಿ" ಎಂದು ಕೊಟ್ಟು ಕಳಿಸಿದ್ದು. ಇಲಿ ತಿಂದದ್ದು, ಮಳೆಗೆ ನೆನೆದದ್ದು. ಇವುಗಳಲ್ಲಿ ಒಂದಕ್ಕಾದರೂ ತಾನೇ ಹೋಗಿ ಕಂಪ್ಯೂಟರಿನಲ್ಲಿ ಕೂರುವ ಶಕ್ತಿ ಇದೆಯೇ?

ನಮ್ಮ ಕಡೆಯ ತೊಗರಿಯನ್ನೇ ನೋಡಿ. 2019ರಲ್ಲಿ ಭೌಗೋಳಿಕ ಸೂಚಕದ ಮುದ್ರೆ ಪಡೆದ ಕಲಬುರಗಿ ತೊಗರಿ, ಕದಿಯಲೆಂದು ಯಾರೂ ಮುಟ್ಟದಿದ್ದರೂ ಗೋದಾಮಿನಲ್ಲಿ ಕಡಿಮೆಯಾಗುತ್ತದೆ. ರಾಶಿಯ ಕಾಲದಲ್ಲಿ 12 ಪರ್ಸೆಂಟ್ ತೇವವಿದ್ದ 100 ಕ್ವಿಂಟಲ್ ಮಾಲು ತುಂಬಿಟ್ಟಿರಿ ಅನ್ನಿ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ತೇವ 10ಕ್ಕೆ ಇಳಿದರೆ ಒಣ ಕಾಳಿನ ಭಾಗ 88 ಕ್ವಿಂಟಲ್ ಹಾಗೇ ಇರುತ್ತದೆ, ಆದರೆ ಒಟ್ಟು ತೂಕ 97 ಕ್ವಿಂಟಲ್ 78 ಕೆಜಿಗೆ ಬರುತ್ತದೆ. 222 ಕೆಜಿ ಗಾಳಿಗೆ ಹೋಯಿತು. ಹಮಾಲನ ಮೇಲೆ ಸಂಶಯಪಟ್ಟು ಅವನನ್ನು ಬಿಡಿಸಿದ ಒಬ್ಬರು ನನಗೆ ಗೊತ್ತು. ಅವರ ಆಧಾರ, ಕಂಪ್ಯೂಟರಿನ 100. ಕಾಂಟಾಕ್ಕೆ ಹಾಕಿ ನೋಡುವಷ್ಟು ತಾಳ್ಮೆ ಅವರಿಗೆ ಇರಲಿಲ್ಲ, ಪಾಪ ಹಮಾಲನಿಗೆ ತೇವದ ಲೆಕ್ಕ ಗೊತ್ತಿರಲಿಲ್ಲ. ತೂಕ ಮಾಡಿ, ಕೊರತೆಯನ್ನು ಸ್ಟಾಕ್ ಜರ್ನಲ್‌ನಲ್ಲಿ ತಾರೀಖು, ಕಾರಣ ಸಹಿತ ಬರೆದಿದ್ದರೆ ಮುಗಿಯುತ್ತಿತ್ತು.

ಹೋಗಲಿ, ಸಾಫ್ಟ್‌ವೇರಿಗೆ ಹೇಳುವುದನ್ನಾದರೂ ಸರಿಯಾಗಿ ಹೇಳುತ್ತಾರೆಯೇ? ಆಳಂದದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟಾಕ್ ಪಟ್ಟಿ ತೆಗೆಸಿದೆ. ಮೊಳೆ, ಪೈಪು, ಬಣ್ಣ, ನಲ್ಲಿ, ಬಿಜಾಗರಿ, ತಂತಿ ಎಂದು ನೂರಾರು ನಮೂನೆ ಮಾಲಿರುವ ಅಂಗಡಿಯ ಪಟ್ಟಿಯಲ್ಲಿ ಇದ್ದದ್ದು ಎರಡೇ ಸಾಲು: "18% ಮಾಲು", "5% ಮಾಲು". ಜಿಎಸ್‌ಟಿ ರಿಟರ್ನ್‌ಗೆ ತೆರಿಗೆಯ ದರ ಸಾಕು ಎಂದುಕೊಂಡು ಬರೆಯುವ ಹುಡುಗ ಅಷ್ಟನ್ನೇ ಬರೆದ. ಅವನ ತಪ್ಪೂ ಅಲ್ಲ. ಅವನಿಗೆ ಕೊಡುವ ತಿಂಗಳ ದುಡ್ಡು ಅಷ್ಟಕ್ಕೇ ಸರಿಹೋಗುತ್ತದೆ. ಸೊಲ್ಲಾಪುರದಿಂದ ಬಂದ ಮಾಲಿನ ಬಿಲ್ಲುಗಳನ್ನು ಮೊಳೆಗೆ ಚುಚ್ಚಿಟ್ಟು, ಮುಂದಿನ ತಿಂಗಳ 14ಕ್ಕೆ ಖರೀದಿಯ ಜಿಎಸ್‌ಟಿ ಪಟ್ಟಿ ಜಿಎಸ್‌ಟಿಆರ್-2ಬಿ ಬಂದ ಮೇಲೆ ಅದನ್ನು ನೋಡಿಕೊಂಡು ಒಂದೇ ಸಲಕ್ಕೆ ಖರೀದಿ ಹತ್ತಿಸುತ್ತಾನೆ. ಅಲ್ಲಿಯವರೆಗೆ ಮಾಲು ಅಂಗಡಿಯಲ್ಲಿದೆ, ಕಂಪ್ಯೂಟರಿನಲ್ಲಿಲ್ಲ. ಇಂಥ ಕಂಪ್ಯೂಟರನ್ನು ನೋಡಿ ಸಾವುಕಾರರು ಪೈಪು ಎಷ್ಟು ತರಿಸಬೇಕು ಎಂದು ಕೇಳುತ್ತಾರೆ. ಅದು ಏನು ಹೇಳೀತು? "18% ಮಾಲು ತರಿಸ್ರಿ" ಎಂದೀತು.

ಜೇವರ್ಗಿಯದು ಇನ್ನೂ ಚೆಂದದ ಕತೆ. ಅಲ್ಲೊಂದು ಗೊಬ್ಬರದ ಅಂಗಡಿ. ಸಾಫ್ಟ್‌ವೇರ್ ಹಾಕಿಸಿದಾಗ ಯೂರಿಯಾಕ್ಕೆ ಒಂದು ಚೀಲ ಅಂದರೆ 50 ಕೆಜಿ ಎಂದು ಒಮ್ಮೆ ಕೂರಿಸಿದ್ದರು. ಯೂರಿಯಾ ಚೀಲ 45 ಕೆಜಿಗೆ ಇಳಿದದ್ದು 2018ರಲ್ಲಿ. ಕಂಪ್ಯೂಟರಿಗೆ ಯಾರೂ ತಿಳಿಸಲಿಲ್ಲ. ಕಂಪನಿಯ ಬಿಲ್ಲು ಟನ್ನಿನ ಲೆಕ್ಕದಲ್ಲಿ ಬರುತ್ತದೆ. 9 ಟನ್ ಎಂದು ಬರೆದರೆ ಲಾರಿಯಿಂದ ಇಳಿದದ್ದು 200 ಚೀಲ, ಕಂಪ್ಯೂಟರ್ ತಿಳಿದದ್ದು 180. ಅಷ್ಟೂ ಮಾರಿ ಮುಗಿದ ದಿನ ಪರದೆಯಲ್ಲಿ ಮೈನಸ್ 20. ಅಂಗಡಿಯವರ ತೀರ್ಮಾನ: "ಕಂಪನ್ಯಾವ್ರು 20 ಚೀಲ ಜಾಸ್ತಿ ಹಾಕ್ಯಾರ್ರಿ, ಸುಮ್ಮ ಇರ್ರಿ." ಪ್ರತಿ ಲೋಡಿಗೂ ಕಂಪನಿ ಹೀಗೆ ದಾನ ಮಾಡುತ್ತ ಬಂದಿದೆ ಎಂದು ಅವರು ನಂಬಿದ್ದರು. ನಾನು 45ರ ಮಾತು ತೆಗೆದಾಗ ಅವರ ಮುಖ ಸಣ್ಣಗಾಯಿತು. ಬಿಟ್ಟಿ ಬಂದದ್ದು ಕಳೆದುಹೋಯಿತಲ್ಲ.

ಗೊಬ್ಬರದ ಅಂಗಡಿಯವರಿಗೆ ತಪ್ಪು ಮಾಡಲು ಇನ್ನೂ ಒಂದು ಅವಕಾಶವಿದೆ, ಪಿಒಎಸ್ ಯಂತ್ರ. ರೈತ ಬೆರಳು ಒತ್ತಿ ಮಾರಾಟ ದಾಖಲಾದ ಮೇಲೆಯೇ ಸಹಾಯಧನ ಕಂಪನಿಗೆ ಹೋಗುವ ಪದ್ಧತಿ ದೇಶದಲ್ಲೆಲ್ಲ ಬಂದದ್ದೂ 2018ರಲ್ಲೇ. ಮುಂಗಾರಿ ಗದ್ದಲದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಚೀಲ ಹೋಗುತ್ತದೆ, ಬೆರಳು ಆಮೇಲೆ. ಹೀಗಾಗಿ ಯಂತ್ರದಲ್ಲಿ ಒಂದು ಶಿಲ್ಕು, ಕಂಪ್ಯೂಟರಿನಲ್ಲಿ ಇನ್ನೊಂದು, ಗೋದಾಮಿನಲ್ಲಿ ಮತ್ತೊಂದು. ಕೃಷಿ ಇಲಾಖೆಯವರು ತಪಾಸಣೆಗೆ ಬಂದಾಗ ಚೀಲ ಎಣಿಸುತ್ತಾರೆ. ಅವರಿಗೆ ಗೊತ್ತು, ಮೂರರಲ್ಲಿ ಯಾವುದು ಮಾಲು, ಯಾವುವು ಬರೀ ಅಂಕಿ ಎಂದು.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಕೊಡುವುದು ದಂಡ. ಮೈನಸ್ ಸ್ಟಾಕ್ ಬಂದರೆ ಸಾಫ್ಟ್‌ವೇರ್ ಕೆಟ್ಟಿದೆ ಅನ್ನುತ್ತಾರೆ: ಕೆಟ್ಟಿಲ್ಲ, ಖರೀದಿ ಬರೆಯುವ ಮೊದಲೇ ಮಾರಾಟ ಬರೆದಿದ್ದೀರಿ, ಇಲ್ಲವೇ ಯೂರಿಯಾದ ಹಾಗೆ ಅಳತೆ ತಪ್ಪಿಸಿದ್ದೀರಿ, ಅದೊಂದೇ ನಿಮಗೆ ಕೂಗಿ ಹೇಳುವ ಅಂಕಿ, ಅದನ್ನೇ ಬೈಯುತ್ತೀರಿ. ಬಾರ್‌ಕೋಡ್ ಹಚ್ಚಿದರೆ ಕಳವು ನಿಲ್ಲುತ್ತದಂತೆ: ಕಳ್ಳ ಸ್ಕ್ಯಾನ್ ಮಾಡಿಸಿಕೊಂಡು ಹೋಗುವುದಿಲ್ಲ. ಬ್ಯಾಂಕಿಗೆ ತಿಂಗಳಿಗೊಮ್ಮೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ಬರೀ ಕಾಗದ ಎಂದು ತಿಳಿದವರಿದ್ದಾರೆ: ಆ ಕಾಗದದ ಮೇಲೆಯೇ ಸಿಸಿ ಖಾತೆಯಿಂದ ಎಷ್ಟು ತೆಗೆಯಬಹುದು ಎಂದು ನಿಂತಿರುತ್ತದೆ. ಮಾರ್ಚ್ 31ರ ಸ್ಟಾಕನ್ನು ಲಾಭಕ್ಕೆ ಹೊಂದುವ ಹಾಗೆ ಆಡಿಟರ್ ಬರೆದುಕೊಳ್ಳುತ್ತಾರೆ ಎನ್ನುವವರಿಗೆ ಒಂದೇ ಮಾತು: ಇಲ್ಲದ ಮಾಲು ಪಟ್ಟಿಯಲ್ಲಿ ಉಳಿದರೆ ಲಾಭ ಅಷ್ಟು ಹೆಚ್ಚು ಕಾಣುತ್ತದೆ, ಆ ಲಾಭದ ಮೇಲೆ ಆದಾಯ ತೆರಿಗೆ ಕಟ್ಟುವವರು ನೀವೇ.

ಒಂದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದು ಜಾಣರು ಮಾಡುವ ತಪ್ಪು. ಎಣಿಸಿದ ಮೇಲೆ ವ್ಯತ್ಯಾಸ ಬಂದರೆ ಫಿಜಿಕಲ್ ಸ್ಟಾಕ್ ವೋಚರ್ ಹಾಕಿ ಸರಿಮಾಡಿದರಾಯಿತು ಎನ್ನುತ್ತಾರೆ. ಟ್ಯಾಲಿ ಸಾಫ್ಟ್‌ವೇರಿನಲ್ಲಿ ಹಾಗೆ ಹಾಕಿದರೆ ಅಂದಿನಿಂದ ಶಿಲ್ಕು ನೀವು ಹೇಳಿದಷ್ಟೇ ಆಗುತ್ತದೆ, ಖರೆ. ಆದರೆ ಅದು ಕಾರಣ ಕೇಳುವುದಿಲ್ಲ. ಕಾರಣ ಕೇಳುವವರು ಬೇರೆ ಇದ್ದಾರೆ. ಜಿಎಸ್‌ಟಿಯ 56ನೇ ನಿಯಮ, ಕಾಂಪೋಸಿಷನ್ ಯೋಜನೆಯಲ್ಲಿ ಇಲ್ಲದ ನೋಂದಾಯಿತ ವ್ಯಾಪಾರಿ ಸ್ಟಾಕ್ ಲೆಕ್ಕ ಇಡಬೇಕು ಎನ್ನುತ್ತದೆ. ಅದರಲ್ಲಿ ಬಂದದ್ದು, ಹೋದದ್ದಷ್ಟೇ ಅಲ್ಲ, ಕಳೆದದ್ದು, ಕಳುವಾದದ್ದು, ಹಾಳಾದದ್ದು, ಪುಕ್ಕಟೆ ಕೊಟ್ಟದ್ದು ಬೇರೆ ಬೇರೆ ಕಾಣಬೇಕು. ಮಾಲು ಹಾಳಾಗುತ್ತದೆ, ಕಳುವಾಗುತ್ತದೆ ಎಂದು ಕಾನೂನು ಬರೆದವರಿಗೆ ಗೊತ್ತಿದೆ. ಗೊತ್ತಿಲ್ಲದ್ದು ಗಲ್ಲಾದ ಮೇಲೆ ಕೂತವರಿಗೆ. ಬೆಳೆಗೆ ಹೊಡೆಯುವ ಎಣ್ಣೆಯ ಬಾಟಲಿ ಅವಧಿ ಮೀರಿ ಬಿಸಾಡುವ ಹಾಗಾದರೆ ಅದರ ಮೇಲೆ ತಗೊಂಡ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಹಿಂದಿರುಗಿಸಬೇಕು, ಜಿಎಸ್‌ಟಿ ಕಾಯ್ದೆಯ 17(5)ನೇ ಕಲಂ. ಅಂಥ ಬಾಟಲಿ ಪರದೆಯಲ್ಲಿ ವರ್ಷಾನುಗಟ್ಟಲೆ "ಸ್ಟಾಕ್" ಎಂದು ಹೊಳೆಯುತ್ತಿರುತ್ತದೆ, ಆಸ್ತಿಯ ಹಾಗೆ.

ಇಷ್ಟೆಲ್ಲ ಬೈದದ್ದು ಯಂತ್ರವನ್ನಲ್ಲ. ಟ್ಯಾಲಿ ನಮ್ಮ ಬೆಂಗಳೂರಿನದೇ. 1986ರಲ್ಲಿ ಶ್ಯಾಮಸುಂದರ ಗೋಯೆಂಕಾ ತಮ್ಮ ವ್ಯವಹಾರಕ್ಕೆ ತಕ್ಕ ಲೆಕ್ಕದ ಸಾಫ್ಟ್‌ವೇರ್ ಸಿಗದೆ ಮಗ ಭರತ್‌ಗೆ ಬರೆಯಲು ಹೇಳಿದ್ದರಿಂದ ಹುಟ್ಟಿದ್ದು. ವ್ಯಾಪಾರಿಯ ಮನೆಯಲ್ಲೇ ಹುಟ್ಟಿದ ಕೂಸು, ಹೇಳಿದಷ್ಟನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ನನ್ನ ತಕರಾರು ನಮ್ಮ ಕೈಮುಗಿಯುವ ಚಟದ ಬಗ್ಗೆ. ಮೊದಲು ದೀಪಾವಳಿ ಬಂತೆಂದರೆ ಅಂಗಡಿಯ ಮಾಲನ್ನೆಲ್ಲ ಕೆಳಗಿಳಿಸಿ, ಧೂಳು ಹೊಡೆದು, ಎಣಿಸಿ, ಆಮೇಲೆ ಅಮಾಸಿಯ ದಿನ ಲಕ್ಷ್ಮೀಪೂಜೆ, ಹೊಸ ಖಾತೆ. ಎಣಿಕೆ, ಪೂಜೆ ಎರಡೂ ಇದ್ದವು. ಈಗ ಮಾನಿಟರಿಗೆ ಕುಂಕುಮ ಹಚ್ಚಿ, ಕೀಬೋರ್ಡಿನ ಮೇಲೆ ಚೆಂಡು ಹೂ ಇಡುತ್ತಾರೆ. ಹೂವಿನ ಪುಡಿ ಗುಂಡಿಗಳ ಸಂದಿಗೆ ಹೋಗಿ ಕೂತದ್ದನ್ನು ತೆಗೆಯುವ ಕೆಲಸವೂ ನನಗೇ ಬರುತ್ತದೆ. ಎಣಿಕೆ ಬಿಟ್ಟುಹೋಯಿತು, ಪೂಜೆ ಉಳಿಯಿತು.

ಹಳ್ಳಿ ಮಂದಿಯ ಮುಗ್ಧತೆ ಎಂದು ನಗುವವರಿಗೆ ಬ್ರಿಟನ್ನಿನ ಅಂಚೆ ಸಂಸ್ಥೆಯ ಕತೆ ಹೇಳಬೇಕು. ಅಲ್ಲಿ 1999ರಿಂದ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್ ಬಂತು. ಸಣ್ಣ ಊರುಗಳಲ್ಲಿ ಅಂಗಡಿಯ ಜೊತೆಗೆ ಅಂಚೆ ಕೌಂಟರ್ ನಡೆಸುತ್ತಿದ್ದವರ ಲೆಕ್ಕದಲ್ಲಿ ಅದು ಕೊರತೆ ತೋರಿಸತೊಡಗಿತು. "ನಾವು ಕದ್ದಿಲ್ಲ" ಎಂದರು. ಕಂಪ್ಯೂಟರ್ ಹೇಳುತ್ತದಲ್ಲ ಎಂದರು ಮೇಲಿನವರು. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು, ಕೆಲವರು ಜೈಲಿಗೆ ಹೋದರು, ಮನೆ ಮಾರಿಕೊಂಡವರಿದ್ದರು. ಸಾಫ್ಟ್‌ವೇರಿನಲ್ಲೇ ದೋಷವಿತ್ತು ಎಂದು ಹೈಕೋರ್ಟ್ ಹೇಳಿದ್ದು 2019ರ ಡಿಸೆಂಬರಿನಲ್ಲಿ. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡುವ ಕಾನೂನು ಬಂದದ್ದು 2024ರಲ್ಲಿ. ಅಲ್ಲಿ ಯಂತ್ರವೇ ತಪ್ಪಿತ್ತು, ಇಲ್ಲಿ ನಾವು ತುಂಬಿದ್ದು ತಪ್ಪು. ಆದರೆ ಎದುರಿಗೆ ನಿಂತ ಮನುಷ್ಯನನ್ನು ಬಿಟ್ಟು ಪರದೆಯ ಸಾಕ್ಷಿ ಹಿಡಿಯುವ ಬುದ್ಧಿ ಲಂಡನ್ನಿನಲ್ಲೂ ಒಂದೇ, ಜೇವರ್ಗಿಯಲ್ಲೂ ಒಂದೇ. ಆ ತೊಗರಿ ಗೋದಾಮಿನ ಹಮಾಲನಿಗೆ ಯಾವ ಕಾನೂನೂ ಬರಲಿಲ್ಲ.

ಪರಿಹಾರ ಕೇಳುತ್ತಾರೆ. ಇಡೀ ಅಂಗಡಿ ಒಂದೇ ದಿನ ಎಣಿಸಬೇಕಿಲ್ಲ. ದಿನಾ ಸಂಜೆ ಬಾಗಿಲು ಎಳೆಯುವ ಮೊದಲು ಐದು ನಮೂನೆ ಮಾಲು ಎಣಿಸಿ. ಹೆಚ್ಚು ಓಡುವುದು, ಹೆಚ್ಚು ಬೆಲೆಯದು ಮೊದಲು. ಎಣಿಸುವವನಿಗೆ ಪರದೆಯ ಅಂಕಿ ಮೊದಲೇ ಹೇಳಬೇಡಿ. ಹೇಳಿದರೆ ಅವನು ಎಣಿಸುವುದಿಲ್ಲ, ಹೊಂದಿಸುತ್ತಾನೆ.

ಅಫಜಲಪುರದ ಆ 8 ಚೀಲಕ್ಕೆ ಅಂದು ಮಧ್ಯಾಹ್ನವೆಲ್ಲ ಕೂತೆವು. ಮೂರು ಸಾವುಕಾರರ ಮನೆಯ ಎಮ್ಮೆಗಳ ಹೊಟ್ಟೆ ಸೇರಿದ್ದವು, ಅದನ್ನು ಅವರ ಮಗ ನೆನಪಿಸಿದ. ಎರಡು ಉದ್ರಿ; ಕ್ಯಾಲೆಂಡರಿನಲ್ಲಿ ಸಿಕ್ಕವು, ಆದರೆ ಹೋದ ತಿಂಗಳ ಹಾಳೆಯಲ್ಲಿ. ಒಂದನ್ನು ಇಲಿ ಹರಿದಿತ್ತು, ಉಳಿದ ಹಿಂಡಿಯನ್ನು ಬಿಡಿಯಾಗಿ ಮಾರಿದ್ದರು. ಇನ್ನೊಂದು ಬೂಸರು ಹಿಡಿದಿದ್ದರಿಂದ ಹೋಲ್‌ಸೇಲಿನವರಿಗೆ ವಾಪಸ್ ಹೋಗಿತ್ತು, ಬದಲಿ ಚೀಲ ಬಂದಿರಲಿಲ್ಲ. ಅದನ್ನು ಫೋನ್ ಮಾಡಿ ಕೇಳಿದಾಗ ಅವರೂ ಕಂಪ್ಯೂಟರ್ ನೋಡಿ ಹೇಳುತ್ತೇವೆ ಎಂದರು. ಏಳಾಯಿತು. ಎಂಟನೆಯದು ಎಲ್ಲಿಯೂ ಇಲ್ಲ.

ಸಾವುಕಾರರು ಬಹಳ ಹೊತ್ತು ಪರದೆಯನ್ನು ನೋಡಿದರು. ಆಮೇಲೆ ನನ್ನನ್ನು ಕೇಳಿದರು:

"ಕಂಪ್ಯೂಟರ್ ಬಂದ್ ಮಾಡಿ ಮತ್ತ ಚಾಲೂ ಮಾಡಿದ್ರ ಬರ್ತದೇನ್ರಿ ಸರ?"