ಹಾರ ಹಾಕುವುದಷ್ಟೇ ಗುರುಗೌರವವಲ್ಲ

ಬೇಸಿಗೆ ಕಳೆದು ಶಾಲೆಗಳು ತೆರೆಯುವ ಹೊತ್ತಿಗೆ ನಮ್ಮ ಧರ್ಮಕೇಂದ್ರಗಳಲ್ಲಿ ಗುರುಗಳ ವರ್ಗಾವಣೆಯ ಸುದ್ದಿಯೂ ಕೇಳಿಬರುತ್ತದೆ. ಒಂದು ಭಾನುವಾರ ಬೀಳ್ಕೊಡುಗೆ, ಮರು ಭಾನುವಾರ ಸ್ವಾಗತ. ಶಾಲು, ಹಾರ, ಹಣ್ಣಿನ ಬುಟ್ಟಿ, ನಾಲ್ವರ ಭಾಷಣ. ಹೋಗುವವರಿಗೆ ಕಣ್ಣೀರು, ಬರುವವರಿಗೆ ಚಪ್ಪಾಳೆ. ಇವೆಲ್ಲವೂ ಬೇಕು, ತಪ್ಪೇನಿಲ್ಲ. ಆದರೆ ಸ್ವಾಗತದ ಹಾರಕ್ಕೂ ಬೀಳ್ಕೊಡುಗೆಯ ಹಾರಕ್ಕೂ ನಡುವೆ ಸವೆದುಹೋದ ವರ್ಷಗಳಲ್ಲಿ ನಾವು ಆ ಗುರುಗಳನ್ನು ಹೇಗೆ ನಡೆಸಿಕೊಂಡೆವು ಎಂಬ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳುವುದು ಅಪರೂಪ.

ಕೃಷ್ಣೆ ತುಂಗಭದ್ರೆಯರ ನಡುವಿನ ನಮ್ಮ ನಾಡು ಸುಲಭದ ಸೇವಾಕ್ಷೇತ್ರವಲ್ಲ. ಮುದಗಲ್ಲಿನಲ್ಲಿ ಶತಮಾನಗಳ ಹಿಂದೆಯೇ ಕ್ರೈಸ್ತ ವಿಶ್ವಾಸ ಬೇರೂರಿದ್ದರೂ, 1949ರಲ್ಲಿ ಸ್ಥಾಪಿತವಾದ ಬಳ್ಳಾರಿ ಧರ್ಮಪ್ರಾಂತ್ಯದ ಈ ಭಾಗದಲ್ಲಿ ನಮ್ಮವರ ಸಂಖ್ಯೆ ಚಿಕ್ಕದು, ಊರುಗಳು ದೂರ. ರಾಯಚೂರು ನಗರದಲ್ಲಿ ದೇವಾಲಯವು ನಮ್ಮ ಮನೆಗೆ ಹತ್ತಿರವಿದ್ದೀತು. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಹಾಗಲ್ಲ. ಅಲ್ಲಿ ಗುರುಗಳೇ ಜನರ ಬಳಿಗೆ ಹೋಗಬೇಕು, ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿಯೂ ಹೋಗಬೇಕು. ಅವರಲ್ಲಿ ಅನೇಕರು ಕರಾವಳಿಯಿಂದಲೋ ನೆರೆರಾಜ್ಯಗಳಿಂದಲೋ ಬಂದವರು. ತಂದೆತಾಯಿಯರನ್ನು ದೂರದಲ್ಲಿ ಬಿಟ್ಟು, ನಮ್ಮ ಜೋಳದ ರೊಟ್ಟಿಗೂ ನಮ್ಮ ಮಾತಿನ ಧಾಟಿಗೂ ಒಗ್ಗಿಕೊಂಡವರು. ಮಾನ್ವಿಯಲ್ಲಿಯೂ ಸಮೀಪದ ಪನ್ನೂರಿನಲ್ಲಿಯೂ ಯೇಸುಸಭೆಯ ಗುರುಗಳು ಶಾಲೆಗಳನ್ನು ನಡೆಸಿ ದಲಿತ ಕುಟುಂಬಗಳ ಮಕ್ಕಳಿಗೆ ಅಕ್ಷರದ ಬಾಗಿಲು ತೆರೆದಿದ್ದಾರೆ.

ಗುರುಭಕ್ತಿ ನಮ್ಮ ನೆಲಕ್ಕೆ ಹೊಸದಲ್ಲ. ಮಾನ್ವಿಯು ಹರಿದಾಸರಾದ ಜಗನ್ನಾಥದಾಸರು ಬಾಳಿದ ಊರು. ಗುರುವನ್ನು ಕಂಡರೆ ಎದ್ದುನಿಲ್ಲುವುದು, ಕೈಮುಗಿಯುವುದು ನಮಗೆ ಮನೆಯ ಹಿರಿಯರಿಂದಲೇ ಬಂದ ಪಾಠ. ಆದರೆ ನಮ್ಮ ಪ್ರಭು ಯೇಸುವು ಗುರುವಾಗಿದ್ದೂ ಶಿಷ್ಯರ ಪಾದಗಳನ್ನು ತೊಳೆದರು. ಆದುದರಿಂದ ಕ್ರೈಸ್ತರಿಗೆ ಗುರುವು ಪೂಜೆಗೊಳ್ಳುವ ವಿಗ್ರಹವೂ ಅಲ್ಲ, ಸಂಬಳದ ಆಳೂ ಅಲ್ಲ. ದುರ್ದೈವದಿಂದ ನಾವು ಈ ಎರಡರ ನಡುವೆ ತೂಗಾಡುತ್ತಿದ್ದೇವೆ. ಎದುರಿಗೆ ‘ಸ್ವಾಮಿ, ನೀವು ಹೇಳಿದಂತೆಯೇ ಆಗಲಿ’ ಎನ್ನುತ್ತೇವೆ. ಪೂಜೆ ಮುಗಿದು ದೇವಾಲಯದ ಅಂಗಳಕ್ಕೆ ಇಳಿದೊಡನೆ ಅವರ ಪ್ರಸಂಗವನ್ನು, ಖರ್ಚನ್ನು, ಯಾರ ಮನೆಗೆ ಹೋದರೆಂಬುದನ್ನು ಜಾಲಾಡುತ್ತೇವೆ. ಇತ್ತೀಚೆಗೆ ಆ ಅಂಗಳ ಮೊಬೈಲಿನ ವಾಟ್ಸಾಪ್ ಗುಂಪಿಗೂ ವಿಸ್ತರಿಸಿದೆ. ಮನೆಯಲ್ಲಿ ಇದನ್ನು ಕೇಳುತ್ತ ಬೆಳೆಯುವ ಮಗು ನಾಳೆ ಯಾರ ಬಳಿ ಪಾಪನಿವೇದನೆಗೆ ಹೋದೀತು?

ಸಂತ ಪೌಲರು ತಮ್ಮ ಪತ್ರಗಳಲ್ಲಿ ಈ ವಿಷಯವನ್ನು ಸಂಕೋಚವಿಲ್ಲದೆ ಬರೆದಿದ್ದಾರೆ. ನಿಮ್ಮ ನಡುವೆ ದುಡಿಯುವವರನ್ನು ಪ್ರೀತಿಯಿಂದ ಗೌರವಿಸಿರೆಂದು ಥೆಸಲೋನಿಕದವರಿಗೆ ತಿಳಿಸಿದರು. ಬೋಧನೆ ಪಡೆದವರು ಬೋಧಿಸಿದವರೊಡನೆ ತಮ್ಮಲ್ಲಿರುವುದನ್ನು ಹಂಚಿಕೊಳ್ಳಬೇಕೆಂದು ಗಲಾತ್ಯದವರಿಗೆ ಹೇಳಿದರು. ತಿಮೊಥೇಯನಿಗೆ ಬರೆದ ಮೊದಲ ಪತ್ರದಲ್ಲಿ, ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಸಭೆಯ ಹಿರಿಯನ ಮೇಲಿನ ದೂರನ್ನು ಒಪ್ಪಬಾರದೆಂದು ವಿಧಿಸಿದರು. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. ತಪ್ಪಿನಲ್ಲಿಯೇ ಮುಂದುವರಿಯುವವನನ್ನು ಎಲ್ಲರೆದುರು ಖಂಡಿಸಬೇಕೆಂದೂ ಮರುಮಾತಿನಲ್ಲಿಯೇ ಸೇರಿಸಿದರು. ಗಾಳಿಮಾತಿನಿಂದ ರಕ್ಷಣೆ, ನಿಜವಾದ ತಪ್ಪಿಗೆ ಉತ್ತರದಾಯಿತ್ವ ಎರಡೂ ಗೌರವದೊಳಗೇ ಅಡಕವಾಗಿವೆ.

1983ರ ಧರ್ಮಸಭೆಯ ಕಾನೂನು ಸಂಹಿತೆಯೂ ಇದೇ ದಾರಿಯಲ್ಲಿದೆ. ಅದರ 212ನೆಯ ನಿಯಮವು ವಿಶ್ವಾಸಿಗಳು ಗುರುಗಳಿಗೆ ವಿಧೇಯರಾಗಿರಬೇಕೆನ್ನುತ್ತದೆ. ಅದರೊಂದಿಗೆ, ಧರ್ಮಸಭೆಯ ಹಿತಕ್ಕೆ ಸಂಬಂಧಿಸಿದ ಅಭಿಪ್ರಾಯವನ್ನು ಗೌರವಪೂರ್ವಕವಾಗಿ ಅವರಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯ ಎಂದೂ ಸಾರುತ್ತದೆ. 537ನೆಯ ನಿಯಮದಂತೆ ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಲೇಬೇಕು. ಲೆಕ್ಕದ ಬಗ್ಗೆ ಸಂದೇಹವಿದ್ದವರು ಕಟ್ಟೆಯ ಮೇಲೆ ಪಿಸುಗುಟ್ಟುವ ಬದಲು ಸಮಿತಿಯ ಸಭೆಗೆ ಬಂದು ಕೇಳಲಿ. ಎರಡು ಸಾಲು ಮಾತನ್ನು ಎದುರಿಗೆ ಆಡುವುದು ಬೆನ್ನ ಹಿಂದಿನ ಇಪ್ಪತ್ತು ಮಾತಿಗಿಂತ ಮೇಲು.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಮಗುವಿಗೋ ಅಸಹಾಯಕರಿಗೋ ಗುರುಗಳಿಂದ ಅನ್ಯಾಯವಾಗಿದ್ದರೆ ಅದನ್ನು ಮರೆಮಾಚುವುದು ಗುರುಗೌರವವಲ್ಲ. 2019ರಲ್ಲಿ ಜಗದ್ಗುರು ಫ್ರಾನ್ಸಿಸರು ಹೊರಡಿಸಿದ ಆಜ್ಞೆಯು ಇಂಥ ವಿಷಯ ತಿಳಿದ ಗುರುಗಳೂ ಕನ್ಯಾಸ್ತ್ರೀಯರೂ ಮೇಲಧಿಕಾರಿಗಳಿಗೆ ವರದಿ ಮಾಡಲೇಬೇಕೆಂದು ವಿಧಿಸಿತು. ಮಕ್ಕಳ ರಕ್ಷಣೆಗಾಗಿ 2012ರಲ್ಲಿ ಬಂದ ಪೋಕ್ಸೋ ಕಾಯಿದೆಯಂತೆ ಪೊಲೀಸರಿಗೆ ತಿಳಿಸುವುದು ಎಲ್ಲರ ಹೊಣೆ. ಒಬ್ಬರ ತಪ್ಪನ್ನು ಬಚ್ಚಿಟ್ಟರೆ ಪ್ರಾಮಾಣಿಕರಾದ ಹತ್ತು ಮಂದಿಯ ಮೇಲೆ ಸಂಶಯದ ನೆರಳು ಬೀಳುತ್ತದೆ.

ಧರ್ಮಕೇಂದ್ರ ಗುರುಗಳ ಪಾಲಕರಾದ ಸಂತ ಜಾನ್ ಮರಿಯ ವಿಯಾನಿಯವರ ಹಬ್ಬ ಆಗಸ್ಟ್ 4. 1818ರಲ್ಲಿ ಫ್ರಾನ್ಸಿನ ಆರ್ಸ್ ಎಂಬ ಪುಟ್ಟ ಹಳ್ಳಿಗೆ ಬಂದ ಅವರು ದಿನದ ಬಹುಪಾಲನ್ನು ಪಾಪನಿವೇದನೆ ಕೇಳುವುದರಲ್ಲಿಯೇ ಕಳೆದರು. ದಣಿದು, ಏಕಾಂತ ಬಯಸಿ ಹಳ್ಳಿ ಬಿಡಲು ಹೊರಟದ್ದೂ ಉಂಟು. 1853ರಲ್ಲಿ ಹಾಗೆ ಹೊರಟಾಗ ಜನರು ಗಂಟೆ ಬಾರಿಸಿ, ದಾರಿಗಡ್ಡ ನಿಂತು ಅವರನ್ನು ಉಳಿಸಿಕೊಂಡರು. ಆ ಪ್ರೀತಿ ದೊಡ್ಡದು. ಆದರೆ ಸಂತರಿಗೂ ದಣಿವಿದೆ ಎಂಬುದನ್ನು ನಾವು ಮರೆಯಬಾರದು. ಗುರುಗಳಿಗೆ ವರ್ಷಕ್ಕೆ ಒಂದು ತಿಂಗಳವರೆಗೆ ರಜೆ ಪಡೆಯಲು ಕಾನೂನು ಸಂಹಿತೆಯೇ ಅವಕಾಶ ಕೊಟ್ಟಿದೆ. ಅವರು ತಾಯಿಯನ್ನು ಕಾಣಲು ಊರಿಗೆ ಹೋದರೆ ‘ಸ್ವಾಮಿಗಳು ಇರುವುದೇ ಇಲ್ಲ’ ಎಂದು ಗೊಣಗುವುದು ನ್ಯಾಯವೇ? 2021ರ ಕೋವಿಡ್ ಎರಡನೆಯ ಅಲೆಯಲ್ಲಿ ನಮ್ಮ ದೇಶದ ನೂರಕ್ಕೂ ಹೆಚ್ಚು ಕಥೋಲಿಕ ಗುರುಗಳು ತೀರಿಕೊಂಡರು. ಜ್ವರ ಅವರಿಗೂ ಬರುತ್ತದೆ ಎಂಬುದನ್ನು ಆಗ ಕಂಡೆವು.

‘ನಾವು ಬಡವರು, ಗುರುಗಳಿಗೆ ಏನು ಕೊಡಬಲ್ಲೆವು?’ ಎಂದು ಕೇಳುವವರುಂಟು. ನಮ್ಮ ಜಿಲ್ಲೆಯ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿದೊಡನೆ ಬೆಂಗಳೂರು ಮೊದಲಾದೆಡೆ ಗುಳೆ ಹೋಗುತ್ತವೆ. ಅಂಥವರಿಂದ ಗುರುಗಳು ಹಣ ಬಯಸುವುದಿಲ್ಲ. ಗುಳೆ ಹೊರಡುವ ಮುನ್ನ ಬಂದು ತಿಳಿಸಿದರೆ, ಮಕ್ಕಳ ಓದು ನಿಲ್ಲದಂತೆ ಅವರೊಡನೆ ಕುಳಿತು ಯೋಚಿಸಿದರೆ ಅದೇ ಕಾಣಿಕೆ. ಉಳ್ಳವರು ಗುರುಗಳ ದವಾಖಾನೆಯ ಖರ್ಚಿನ ಕಡೆ ಕಣ್ಣಿಡಲಿ. ಯುವಕರು ಹಳ್ಳಿಯ ಪೂಜೆಗೆ ಜೊತೆಯಾಗಿ ಹೋಗಲಿ. ತಾಯಂದಿರು ಹಬ್ಬದ ದಿನ ಗುರುಗಳ ಮನೆಯ ಒಲೆಯನ್ನೂ ನೆನೆಯಲಿ. ಉಪದೇಶಿಗಳನ್ನೂ ಕನ್ಯಾಸ್ತ್ರೀಯರನ್ನೂ ಮರೆಯದಿರೋಣ, ಗುರುಗಳಿಲ್ಲದ ದಿನಗಳಲ್ಲಿ ಊರಿನ ವಿಶ್ವಾಸವನ್ನು ಕಾಯುವವರು ಅವರೇ.

ಯುದ್ಧದ ದಿನ ಮೋಶೆಯ ಕೈಗಳು ಸೋತು ಇಳಿದಾಗ ಆರೋನನೂ ಹೂರನೂ ಅವನನ್ನು ಹೊಗಳುತ್ತ ನಿಲ್ಲಲಿಲ್ಲ, ಟೀಕಿಸುತ್ತಲೂ ನಿಲ್ಲಲಿಲ್ಲ. ಕುಳಿತುಕೊಳ್ಳಲು ಕಲ್ಲೊಂದನ್ನು ತಂದಿಟ್ಟು, ಎರಡೂ ಬದಿಯಲ್ಲಿ ನಿಂತು ಸಂಜೆಯವರೆಗೆ ಅವನ ಕೈಗಳನ್ನು ಎತ್ತಿ ಹಿಡಿದರು. ಮುಂದಿನ ಭಾನುವಾರ ನಮ್ಮ ಗುರುಗಳು ಪೀಠದ ಮುಂದೆ ಕೈಗಳನ್ನೆತ್ತಿ ಪ್ರಾರ್ಥಿಸುವಾಗ ಆ ಕೈಗಳಿಗೆ ನಾವು ಆಸರೆಯಾಗಿದ್ದೇವೆಯೇ ಎಂದು ಒಮ್ಮೆ ಯೋಚಿಸೋಣ. ಪೂಜೆಯ ನಂತರ ಅಂಗಳದಲ್ಲಿ ಗುಂಪುಗೂಡುವ ಮೊದಲು ಅವರ ಬಳಿಗೆ ಹೋಗಿ ‘ಆರೋಗ್ಯ ಹೇಗಿದೆ, ಸ್ವಾಮಿ?’ ಎಂದು ಕೇಳೋಣ.