ಕೈಗಾ ವಿಸ್ತರಣೆ ಮತ್ತು ಜನರ ಸಮ್ಮತಿ

ಪ್ರಶ್ನೆ: ಅಣುವಿದ್ಯುತ್ತಿನ ವಿಸ್ತರಣೆಗೆ ಜನಬೆಂಬಲ ಗಳಿಸುವುದು ಏಕೆ ಕಷ್ಟ? (ಶಿಕಾರಿಪುರ, ಸೊರಬದ ಓದುಗರು)

ಉತ್ತರ: ಜಲವಿದ್ಯುತ್ತಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯನ್ನು ನೆರೆಯಲ್ಲೇ ಕಂಡ ಸೀಮೆಗೆ, ವಿದ್ಯುತ್ತಿನ ಬೆಲೆ ತೆರುವವರು ಯಾರೆಂಬ ಪ್ರಶ್ನೆ ಹೊಸತಲ್ಲ. ಕಾಳಿ ನದಿ ದಂಡೆಯ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿದ್ದು, ತಲಾ 700 ಮೆಗಾವಾಟಿನ ಇನ್ನೆರಡು ಸೇರಲಿವೆ. 1989ರಲ್ಲಿ ಶಿವರಾಮ ಕಾರಂತರು ಕೈಗಾ ವಿರೋಧವನ್ನೇ ಮುಂದಿಟ್ಟು ಲೋಕಸಭೆಗೆ ಸ್ಪರ್ಧಿಸಿದ್ದರು; 1994ರ ಮೇ ತಿಂಗಳಲ್ಲಿ, ವಿಕಿರಣ ಹೊರಬೀಳದಂತೆ ತಡೆಯಬೇಕಾದ ಕಾಂಕ್ರೀಟ್ ಗುಮ್ಮಟದ ಒಳಪದರ ನಿರ್ಮಾಣದ ಹಂತದಲ್ಲೇ ಕಳಚಿಬಿತ್ತು. ಆಗಿನ್ನೂ ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣ ಸೋರಲಿಲ್ಲ, ಆದರೆ ನಂಬಿಕೆಗೆ ಬಿದ್ದ ಪೆಟ್ಟು ದೊಡ್ಡದು. ಮೊದಲ ಘಟಕ 2018ರ ಕೊನೆಗೆ 962 ದಿನಗಳ ನಿರಂತರ ಉತ್ಪಾದನೆಯ ದಾಖಲೆ ಬರೆದರೂ ದಕ್ಷತೆಯೊಂದರಿಂದಲೇ ಸಮ್ಮತಿ ದೊರೆಯದು. ನೀರು, ಮಣ್ಣು, ಹಾಲಿನಲ್ಲಿ ಅಳೆದ ವಿಕಿರಣದ ಅಂಕಿಗಳನ್ನು ಗ್ರಾಮಸಭೆಗಳಲ್ಲಿ ಕನ್ನಡದಲ್ಲೇ ಮಂಡಿಸಿ, ಸಂದೇಹಗಳಿಗೆ ತಜ್ಞರೇ ಎದುರು ನಿಂತು ಉತ್ತರಿಸಬೇಕು.